ಲೋಕವೇ ಸುಳ್ಳೆಂದು ಓಡಿದ ಅಪ್ಪ

ಟ್ರಾಮ್ ಇಪ್ಪತ್ತು ಮಾರು ದೂರದಲ್ಲಿತ್ತು.

ಡಾಕ್ಟರ್ ವಗ್ದಿ ಹಳಿಗಳ ನಡುವೆ ಕೈ ಚಾಚಿ ನಿಂತಿದ್ದರು. ಮೈಮೇಲೆ ಒಳ್ಳೆಯ ಸೂಟು. ಕಾಲಲ್ಲಿ ಮನೆ ಚಪ್ಪಲಿ.

"ಡಾಕ್ಟರೇ, ಈಚೆ ಬನ್ನಿ."

"ಅದು ಟ್ರಾಮ್ ಅಲ್ಲ ಬಯ್ಯೂಮಿ. ಬರೀ ಲೆಕ್ಕ."

"ಲೆಕ್ಕ ಗಂಟೆ ಬಾರಿಸ್ತಾ ಇದೆ..."

ಹಾರಿದೆ. ಸೊಂಟ ಹಿಡಿದು ಉರುಳಿಸಿದೆ. ಟ್ರಾಮ್ ಕಿರುಚಿಕೊಂಡು ನಮ್ಮ ಪಕ್ಕದಲ್ಲೇ ನಿಂತಿತು.

ಅಲೆಕ್ಸಾಂಡ್ರಿಯಾದಲ್ಲಿ ನನಗೆ ಇದೇ ಕಸುಬು ನೋಡಿ. ಪೊಲೀಸರಿಗೆ ಹೇಳಲಾಗದ್ದನ್ನು ಜನ ನನಗೆ ಹೇಳುತ್ತಾರೆ. ಅವತ್ತು ಹೇಳಿದವರು ಡಾಕ್ಟರ ಹೆಂಡತಿ ಇನ್ಶಿರಾಹ್. ಇಳಿಹೊತ್ತಿನ ನಮಾಜ್ ಆದೊಡನೆ ಮಗಳು ನಗ್ಲಾಳ ನಿಕಾಹ್. ಅಪ್ಪ ಗಂಡಿನ ಕೈ ಹಿಡಿದು ಮಗಳನ್ನು ಒಪ್ಪಿಸಬೇಕು. ಅಪ್ಪ ಅಡುಗೆಮನೆ ಕಿಟಕಿಯಿಂದ ಪರಾರಿ.

ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಕಲಿಸುವ ಮನುಷ್ಯ. ಈ ಲೋಕವೆಲ್ಲ ಯಾರದೋ ಕಂಪ್ಯೂಟರಿನೊಳಗೆ ಓಡುತ್ತಿರುವ ಆಟವಿರಬಹುದು ಎಂದು ಇಪ್ಪತ್ತು ವರ್ಷ ಪಾಠ ಮಾಡಿದ್ದರು. ಮದುವೆ ನಿಶ್ಚಯವಾದ ಮೇಲೆ 'ಇರಬಹುದು' ಹೋಗಿ 'ಹೌದು' ಆಗಿತ್ತು.

ಟ್ರಾಮಿನ ಡ್ರೈವರ್ ತಲೆ ಹೊರಗೆ ಹಾಕಿದ. "ಸಾಯೋಕೆ ನನ್ನ ಗಾಡಿನೇ ಬೇಕಿತ್ತೇನ್ರೀ?"

ಡಾಕ್ಟರು ಅವನ ಮುಖ ನೋಡಿದರು. ನನ್ನ ಮುಖ ನೋಡಿದರು. ಅದೇ ಮೂಗು. ಅದೇ ಮೀಸೆ.

"ಒಂದೇ ಮುಖ ಎರಡು ಸಲ..." ಅವರು ಒಂದು ಹೆಜ್ಜೆ ಹಿಂದೆ ಸರಿದರು. "ಕಂಪ್ಯೂಟರಿಗೆ ಮುಖಗಳು ಸಾಲದೆ ಬಂದಿವೆ."

"ಅವನು ನನ್ನ ಅವಳಿ ತಮ್ಮ, ಡಾಕ್ಟರೇ. ಬಸ್ಯೂನಿ."

ಯಾರಿಗೆ ಹೇಳುತ್ತೀರಿ? ಡಾಕ್ಟರು ಆಗಲೇ ಓಡುತ್ತಿದ್ದರು.

"ಅಣ್ಣಾ, ಅಮ್ಮ ಫೋನ್ ಮಾಡು ಅಂದ್ಲು," ಎಂದ ಬಸ್ಯೂನಿ.

"ಆಮೇಲೆ ಕಣೋ."

ಮೀನು ಮಾರುಕಟ್ಟೆ. ಡಾಕ್ಟರಿಗೆ ಐವತ್ತೆಂಟು ವಯಸ್ಸು... ಆದರೂ ಜಿಂಕೆ. ಸೀಗಡಿ ಬುಟ್ಟಿ ಉರುಳಿತು. ನಾನು ಅದರ ಮೇಲೆ ಜಾರಿದೆ. ಮೊಣಕೈ ತರಚಿತು. ತಲೆ ಎತ್ತಿದಾಗ ಬಾಗಿಲಗಲದ ಹೆಂಗಸೊಬ್ಬಳು ಡಾಕ್ಟರ ಕಾಲರ್ ಹಿಡಿದಿದ್ದಳು. ಇನ್ನೊಂದು ಕೈಯಲ್ಲಿ ಮೀನು ಕೊಯ್ಯುವ ಚಾಕು.

"ಯಾರಪ್ಪಂದು ಅಂತ ತುಳೀತೀಯಾ?"

"ಅಮ್ಮಾ, ಈ ಸೀಗಡಿ ಇಲ್ಲವೇ ಇಲ್ಲ."

"ಬೆಳಗಾಗೋ ಮುಂಚೆ ಎದ್ದು ತಂದಿದೀನಿ. ಇಲ್ಲ ಅಂತೀಯಾ?"

ಚಾಕು ಮೇಲೇರಿತು.

"ಇವತ್ತು ಇವರ ಮಗಳ ಮದುವೆ ತಾಯಿ," ಎಂದೆ.

ಚಾಕು ಇಳಿಯಿತು. "ಹಾಗಂತ ಮೊದಲೇ ಹೇಳೋದಲ್ವಾ? ನಮ್ಮ ಯಜಮಾನ್ರು ಮಗಳ ಮದುವೆ ದಿನ ಐಸ್ ಪೆಟ್ಟಿಗೆಯೊಳಗೆ ಅವಿತು ಕೂತಿದ್ರು."

ಅದನ್ನು ಕೇಳಿ ಡಾಕ್ಟರು ನೆಲದ ಮೇಲೇ ಕೂತುಬಿಟ್ಟರು. ನಾನು ನಗ್ಲಾಳಿಗೆ ಫೋನ್ ಮಾಡಿದೆ.

ಹತ್ತು ನಿಮಿಷಕ್ಕೆ ಟ್ಯಾಕ್ಸಿ ಬಂತು. ಮದುವೆಯ ಬಿಳಿ ಉಡುಪಿನಲ್ಲಿ ನಗ್ಲಾ ಇಳಿದಳು. ತಲೆ ತುಂಬ ಇನ್ನೂ ಕ್ಲಿಪ್ಪುಗಳು.

"ಬಾಬಾ, ನಾನೂ ಸುಳ್ಳಾ?"

ಡಾಕ್ಟರು ಮುಖ ತಿರುಗಿಸಿದರು.

"ನಾನು ಬರೀ ಲೆಕ್ಕ ಆದ್ರೆ ಒಪ್ಪಿಸಿಬಿಡು. ನಿನಗೇನು ನಷ್ಟ?"

"ಗಂಡನ ಜೊತೆ ಅಸ್ವಾನಿಗೆ ಹೊರಟುಹೋಗ್ತೀಯಲ್ಲ ಮಗಳೇ..." ಅವರು ಅವಳ ಉಡುಪಿನ ಅಂಚು ಹಿಡಿದುಕೊಂಡರು. "ಸಾವಿರ ಕಿಲೋಮೀಟರ್. ಅದಾದ್ರೂ ಸುಳ್ಳಾಗ್ಬಾರ್ದಾ?"

ನಗ್ಲಾ ಅಪ್ಪನ ಕೋಟಿಗೆ ಅಂಟಿದ್ದ ಸೀಗಡಿಯೊಂದನ್ನು ಕಿತ್ತು ಬಿಸಾಡಿದಳು.

"ರೈಲಿದೆ ಬಾಬಾ. ರಾತ್ರಿ ಹತ್ತು. ಮಾರನೇ ದಿನ ಮಧ್ಯಾಹ್ನ ಊಟಕ್ಕೆ ನಮ್ಮನೇಲಿರ್ತೀಯ."

ಅದು ಅವರಿಗೆ ಹೊಳೆದೇ ಇರಲಿಲ್ಲ. ಇಪ್ಪತ್ತು ವರ್ಷದ ತತ್ತ್ವಶಾಸ್ತ್ರ!

ಹೊತ್ತಿಗೆ ಸರಿಯಾಗಿ ಖಾಜಿಯ ಮುಂದೆ ಕೂರಿಸಿದೆ. ಗಂಡಿನ ಕೈ ಹಿಡಿದರು. ಬಿಡಿಸಲು ಮೂರು ಜನ ಬೇಕಾಯಿತು. ಮದುಮಕ್ಕಳ ಕಾರು ತಿರುವಿನಲ್ಲಿ ಮರೆಯಾದ ಮೇಲೆ ನನ್ನ ಭುಜಕ್ಕೆ ಒರಗಿದರು.

"ಇದು ಕಂಪ್ಯೂಟರ್ ಮಾಡಿದ ಕಣ್ಣೀರು ಬಯ್ಯೂಮಿ," ಎಂದು ನಾನು ಆಗಷ್ಟೇ ಬದಲಿಸಿದ್ದ ಅಂಗಿಯ ತೋಳಿಗೆ ಮೂಗು ಒರೆಸಿಕೊಂಡರು.

ಇರಬಹುದು. ಅಂಗಿ ಒಗೆದವನು ಮಾತ್ರ ನಾನು.