ಕಾಂಟೆಸ್ಸಾದಲ್ಲಿ ಕಟ್ಟಿಟ್ಟ ಕೋಪ

"ವದ್ದು ನಾಯನಾ, ಬೇಡ," ಎಂದಳು ಮುನಿಗಂಗಮ್ಮ. "ಗಾಡಿ ತಗೊಂಡೋಗು. ಓಡ್ಸು, ಬಣ್ಣ ಹೊಡಿ, ಏನಾದ್ರೂ ಮಾಡ್ಕೊ. ಡ್ಯಾಶ್‌ಬೋರ್ಡ್ ಹಿಂದೆ ಒಂದು ಕರೀಬಟ್ಟೆ ಗಂಟೈತೆ. ಅದನ್ನ ಮಾತ್ರ ಮುಟ್ಬೇಡ."

"ಏನಿದೆ ಅಜ್ಜಿ ಅದ್ರಲ್ಲಿ? ಬಂಗಾರಾನಾ?"

ಮುದುಕಿ ಷೆಡ್ಡಿನ ಬಾಗಿಲಾಚೆ ಒಮ್ಮೆ ಇಣುಕಿದಳು. ಅವಳ ಮಗ ಚನ್ನಕೇಶವ ದ್ರಾಕ್ಷಿ ಚಪ್ಪರದ ಹತ್ತಿರ ಯಾರೊಡನೆಯೋ ಮಾತಾಡುತ್ತ ನಿಂತಿದ್ದ. ಅವಳು ದನಿ ಇಳಿಸಿದಳು.

"ನನ್ನ ಮಗನ ಕೋಪ. ಗಡಿಯಾಚೆಯಿಂದ ಮಂತ್ರವಾದಿನ ಕರೆಸಿ ಕಟ್ಟಿಸ್ದೆ. ಅವನಿಗೆ ಗೊತ್ತಿಲ್ಲ. ನೀನೂ ಹೇಳ್ಬೇಡ."

ಶ್ರೀಕರ್ ನಕ್ಕುಬಿಟ್ಟ. "ಕೋಪಾನ ಗಂಟು ಕಟ್ಟಿಡೋಕೆ ಅದೇನು ಹುಣಸೇಹಣ್ಣಾ ಅಜ್ಜಿ?"

ಮುದುಕಿ ನಗಲಿಲ್ಲ.

ಮಂಡಿಕಲ್ ಸಮೀಪದ ಆ ತೋಟದ ಮನೆಯ ಹಿಂದೆ, ತಗಡಿನ ಷೆಡ್ಡಿನ ಕತ್ತಲಲ್ಲಿ ಆ ಕಪ್ಪು ಕಾಂಟೆಸ್ಸಾ ಎಷ್ಟೋ ವರ್ಷಗಳಿಂದ ನಿಂತಿತ್ತು. ಚಕ್ರಗಳು ಮಣ್ಣಿಗೆ ಹೂತಿದ್ದವು. ಬಾಗಿಲು ತೆಗೆದರೆ ಇಲಿಯುಚ್ಚೆಯ ನಾತ, ಹಳಸಿದ ಪೆಟ್ರೋಲಿನ ಘಾಟು, ಅವೆರಡರ ಅಡಿಯಲ್ಲಿ ಕೂದಲು ಸುಟ್ಟಂಥ ಸಣ್ಣದೊಂದು ಕಮಟು. ಶ್ರೀಕರನಿಗೆ ಅದೊಂದೂ ಲೆಕ್ಕಕ್ಕೆ ಬರಲಿಲ್ಲ. ಇಂಥದೊಂದು ದೊಡ್ಡ ಕಾರನ್ನು ನಟ್ಟು ನಟ್ಟಾಗಿ ಬಿಚ್ಚಿ ಮತ್ತೆ ಕಟ್ಟಬೇಕೆಂಬುದು ಅವನ ಕಾಲೇಜು ದಿನಗಳ ಹುಚ್ಚು.

ಚನ್ನಕೇಶವನಂಥ ಸಾಧುವನ್ನು ಅವನು ಕಂಡಿರಲಿಲ್ಲ. "ನಿಮ್ಗೆಷ್ಟು ತೋಚುತ್ತೋ ಅಷ್ಟು ಕೊಡಿ ಸಾರ್," ಎಂದಿದ್ದ. ಪಕ್ಕದ ತೋಟದವರು ರಾತ್ರೋರಾತ್ರಿ ಬೇಲಿ ಸರಿಸಿ ಇವನ ಬಾವಿಯನ್ನೇ ಒಳಗೆ ಹಾಕಿಕೊಂಡಿದ್ದರು. "ಇರ್ಲಿ ಬಿಡಿ, ಅವರಿಗೂ ನೀರು ಬೇಕಲ್ಲ," ಎಂದು ಅದಕ್ಕೂ ನಕ್ಕಿದ್ದ. ಅವನ ಹೆಂಡತಿ ಎಡಗಾಲನ್ನು ನೆಲಕ್ಕೆ ಎಳೆಯುತ್ತ ಬಂದು ಮಜ್ಜಿಗೆ ಕೊಟ್ಟಳು. ಖಾಲಿ ಲೋಟ ಹಿಡಿದು ಒಳಗೆ ಹೋದಳು. ಕಾರಿನ ಕಡೆ ಆಕೆ ಕಣ್ಣೆತ್ತಿಯೂ ನೋಡಲಿಲ್ಲ.

ಈ ಕಾಂಟೆಸ್ಸಾಕ್ಕಾಗಿ ಶ್ರೀಕರ್ ತನ್ನ ಕೆಂಪು ಜೆನ್ ಕಾರನ್ನು ಮಾರಿದ್ದ. ಕುಡುಮಲಕುಂಟೆಯ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿ ತುಮಕೂರಿನಿಂದ ಗೌರಿಬಿದನೂರಿಗೆ ಬಂದಾಗ ಗಂಡ ಹೆಂಡತಿಗೆ ಜೊತೆಯಾಗಿದ್ದುದು ಆ ಪುಟ್ಟ ಕಾರೊಂದೇ. ಶುಭಾ ಡ್ರೈವಿಂಗ್ ಕಲಿತದ್ದು ಅದರಲ್ಲಿ. ಭಾನುವಾರ ಬೆಳಗಾದರೆ ನಂದಿಯ ತಿರುವುಗಳಲ್ಲಿ ಅದನ್ನು ಚೆಂಡಿನ ಹಾಗೆ ಪುಟಿಸಿಕೊಂಡು ಹತ್ತುತ್ತಿದ್ದವಳೂ ಅವಳೇ. ಅವಳು ಪಾಠ ಹೇಳಲು ಶಾಲೆಗೆ ಹೋಗಿದ್ದಾಗ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚಾಣಿಕೆ ನಡೆಸುವ ಜಗನ್ ಬಂದು ಅದನ್ನು ಒಯ್ದ.

"ನನ್ನನ್ನ ಒಂದು ಮಾತು ಕೇಳ್ಬೇಕು ಅನಿಸ್ಲಿಲ್ವಾ ನಿಂಗೆ?" ಎಂದಳು ಶುಭಾ. ಅವಳ ಮೂಗಿನ ತುದಿ ಕೆಂಪಾಗಿತ್ತು.

"ಇನ್ನೂ ಒಳ್ಳೇದು ಬರುತ್ತೆ ಕಣೇ."

"ಒಳ್ಳೇದೋ ಕೆಟ್ಟದ್ದೋ ಆಮೇಲೆ. ಅದು ನಂದೂ ಆಗಿತ್ತು."

ಅವನು ಎಂದಿನಂತೆ ನಕ್ಕುಬಿಟ್ಟ. ಅವನಿಗೆ ಜಗಳ ಬರುತ್ತಿರಲಿಲ್ಲ. ಅವಳ ಸಿಟ್ಟು ಮಾತ್ರ ಮನೆಯಲ್ಲೇ ಉಳಿಯಿತು. ಪಾತ್ರೆ ಇಡುವ ಸದ್ದಿನಲ್ಲಿ, ಮುಚ್ಚಿದ ಬಾಗಿಲಿನಲ್ಲಿ.

ಲಾರಿಯ ಮೇಲೆ ಬಂದ ಕಾಂಟೆಸ್ಸಾ ಏನು ಮಾಡಿದರೂ ಸ್ಟಾರ್ಟ್ ಆಗಲಿಲ್ಲ. ಬ್ಯಾಟರಿ ಹೊಸದು, ಪ್ಲಗ್ಗು ಹೊಸದು, ಕಾರ್ಬೊರೇಟರ್ ತೊಳೆದದ್ದಾಯಿತು. ವೈರುಗಳನ್ನು ಬದಲಿಸೋಣವೆಂದು ಒಂದು ಉರಿಬಿಸಿಲ ಮಧ್ಯಾಹ್ನ ಡ್ಯಾಶ್‌ಬೋರ್ಡ್ ಬಿಚ್ಚಿದ. ಕೈ ಒಳಗೆ ಹೋಯಿತು. ಬೆರಳಿಗೆ ಒದ್ದೆ ಬಟ್ಟೆ ತಗುಲಿತು. ಅಷ್ಟು ವರ್ಷ ಷೆಡ್ಡಿನಲ್ಲಿ ಒಣಗಿದ ಗಾಡಿಯೊಳಗೆ ಒದ್ದೆ ಎಲ್ಲಿಂದ ಬಂತೆಂದು ಅವನು ಯೋಚಿಸಲಿಲ್ಲ. ಎಳೆದ. ಕರಿಬಟ್ಟೆಯ ಗಂಟು, ಅದರ ತುಂಬ ಚುಚ್ಚಿದ ಲಾಳದ ಮೊಳೆಗಳು. ಒಳಗೆ ಒಂದು ಹಿಡಿ ಗಂಡಸಿನ ಕೂದಲು, ರಕ್ತ ಒಣಗಿದ ಟಯರಿನ ಚೂರು. "ಅಜ್ಜಿಯ ಹುಣಸೇಹಣ್ಣು," ಎಂದುಕೊಂಡು ಕಸದ ಜೊತೆ ಬೆಂಕಿಗೆ ಎಸೆದ.

ಕೀಲಿ ತಿರುಗಿಸಿದ. ಇಂಜಿನ್ ಒಂದೇ ಏಟಿಗೆ ಸ್ಟಾರ್ಟ್ ಆಯಿತು.

ಅದರ ಸದ್ದಿನ ಒಳಗೆ ಇನ್ನೊಂದು ಸದ್ದಿತ್ತು. ಯಾರೋ ಹಲ್ಲು ಕಡಿಯುತ್ತಿದ್ದ ಹಾಗೆ.

ಅಂದಿನಿಂದ ಅವನ ಕೈಗಳು ತಾವಾಗಿ ಮುಷ್ಟಿ ಕಟ್ಟತೊಡಗಿದವು. ಕಾರ್ಖಾನೆಯಲ್ಲಿ ಜೊತೆಯವನೊಬ್ಬ ಏನೋ ತಮಾಷೆ ಮಾಡಿದ್ದಕ್ಕೆ ಅವನ ಕಾಲರ್ ಹಿಡಿದು ಗೋಡೆಗೆ ಒತ್ತಿದ. ಸೊಪ್ಪಿನವಳ ಬುಟ್ಟಿಯನ್ನು ಒದ್ದ. ಬಾಯಿಂದ ಬೈಗುಳ ಬಂತು, ತೆಲುಗಿನಲ್ಲಿ. ಅವನಿಗೆ ತೆಲುಗು ಬರುತ್ತಿರಲಿಲ್ಲ. ಅನ್ನ ಕಲಸಿದರೆ ಕೂದಲು ಸುಟ್ಟ ವಾಸನೆ, ದಿಂಬಿಗೆ ತಲೆ ಕೊಟ್ಟರೆ ಅದೇ ವಾಸನೆ. ಕಾರಿನೊಳಗೆ ಕೂತರೆ ಮಾತ್ರ ಹಾಯೆನಿಸುತ್ತಿತ್ತು. ಕಾದ ರೆಕ್ಸಿನ್ ಬೆನ್ನಿಗೆ ಅಂಟಿಕೊಂಡು ಬೆಚ್ಚಗೆ ಉಸಿರಾಡುತ್ತಿತ್ತು.

ಒಂದು ಭಾನುವಾರದ ಬಿಸಿಲಿನಲ್ಲಿ ಅವನು ಗೇಟಿನ ಹೊರಗೆ ಹಾರ್ನ್ ಒತ್ತಿದ. ಶುಭಾ ಬರುವುದು ಸ್ವಲ್ಪ ತಡವಾಯಿತು.

"ಸೌಜನ್ಯಾ! ಗೇಟ್ ತೆಗಿಯೇ!"

ಅವಳು ಗೇಟಿನ ಚಿಲಕ ಹಿಡಿದು ನಿಂತಳು. "ಯಾರೋ ಸೌಜನ್ಯ?"

ಆ ಹೆಸರು ಅವನಿಗೂ ಗೊತ್ತಿರಲಿಲ್ಲ. ಆದರೆ ಆ ಹೆಸರಿನ ಮೇಲೆ ಉಕ್ಕಿದ ದ್ವೇಷ ಗೊತ್ತಿತ್ತು. ಕಾಲು ಆಕ್ಸಿಲರೇಟರ್ ಒತ್ತಿತು. ಕಾಲು ಅವನದು, ಒತ್ತಿದ್ದು ಅವನಲ್ಲ. ಕಾರು ನೆಗೆಯಿತು. ಗೇಟು ಮುರಿಯಿತು. ಅವಳು ಪಕ್ಕಕ್ಕೆ ಹಾರಿದಳು. ಕೈ ಮಾತ್ರ ಹಿಂದೆ ಉಳಿಯಿತು. ಗೇಟಿಗೂ ಬಂಪರಿಗೂ ನಡುವೆ ಒಣಗಿದ ಕಡ್ಡಿ ಮುರಿದ ಸದ್ದು. ಕಂಬಕ್ಕೆ ಬಡಿದು ಇಂಜಿನ್ ಆರಿತು. ಅವಳ ಕಿರುಚಾಟ ಕಿವಿಗೆ ಬಿದ್ದಾಗ ಶ್ರೀಕರನಿಗೆ ಎಚ್ಚರವಾಯಿತು. ತನ್ನ ಮುಖ ನಗುತ್ತಿರುವುದು ಕನ್ನಡಿಯಲ್ಲಿ ಕಂಡಿತು.

ಆಸ್ಪತ್ರೆಯಿಂದ ಕೈಗೆ ಪಟ್ಟಿ ಕಟ್ಟಿಸಿಕೊಂಡು ಬಂದ ಶುಭಾ ಅಳಲಿಲ್ಲ. ಅವನು ಗಂಟಿನ ಕತೆಯೆಲ್ಲ ಹೇಳಿ ಮುಗಿಸುವ ತನಕ ಬಾಗಿಲಿನಾಚೆಯೇ ನಿಂತಿದ್ದಳು.

"ಎಲ್ಲಿಂದ ತಂದ್ಯೋ ಅಲ್ಲಿಗೇ ಹೋಗಣ. ನೀನು ಆ ಗಾಡೀಲಿ ಬಾ. ನಾನು ಬಸ್ಸಲ್ಲಿ ಬರ್ತೀನಿ. ನಿನ್ ಪಕ್ಕ ಕೂರಲ್ಲ."

ಮಂಚೇನಹಳ್ಳಿ ದಾಟುವಷ್ಟರಲ್ಲಿ ಅವನು ತನ್ನ ತುಟಿಯನ್ನು ತಾನೇ ಕಚ್ಚಿ ರಕ್ತ ಮಾಡಿಕೊಂಡಿದ್ದ. ಎದುರಿಗೆ ಬಂದ ಪ್ರತಿಯೊಬ್ಬನನ್ನೂ ಗುದ್ದಬೇಕೆನಿಸುತ್ತಿತ್ತು. ತೋಟದ ಮನೆಯ ಅಂಗಳಕ್ಕೆ ಬಂದಾಗ ಶುಭಾ ಆಗಲೇ ಅಲ್ಲಿದ್ದಳು. ಜಗಲಿಯ ಮೇಲೆ ಮುನಿಗಂಗಮ್ಮ, ಚನ್ನಕೇಶವ. ಕಂಬಕ್ಕೊರಗಿ ಆ ಕುಂಟುವ ಹೆಂಗಸು.

"ಇಲ್ಲಿ ಸೌಜನ್ಯ ಅಂದ್ರೆ ಯಾರು?" ಶುಭಾ ಕೇಳಿದಳು.

"ನಾನೇ," ಎಂದಳು ಆಕೆ. ಶುಭಾಳ ಪಟ್ಟಿ ಕಟ್ಟಿದ ಕೈಯನ್ನು ನೋಡಿದಳು. ಆಮೇಲೆ ಕಾರನ್ನು. ಏನೂ ಕೇಳಬೇಕಾಗಲಿಲ್ಲ. "ನನ್ನ ಕಾಲಿನ ಮೇಲೂ ಅದೇ ಗಾಡಿ ಹರಿಸಿದ್ರು ಇವರು. ಸಾರಿಗೆ ಉಪ್ಪು ಕಮ್ಮಿ ಅಂತ."

ಚನ್ನಕೇಶವ ತಲೆ ತಗ್ಗಿಸಿ ಮೆಲ್ಲಗೆ ನಕ್ಕ.

ಮುನಿಗಂಗಮ್ಮ ಎದೆ ಬಡಿದುಕೊಂಡಳು. "ಮುಟ್ಬೇಡ ಅಂದೆ, ಕೇಳಿದ್ಯೇನಪ್ಪ? ಕಟ್ಟಿದವನು ಸತ್ತೋದ. ಈಗ ಒಂದೇ ದಾರಿ. ಯಾರ ಸೊತ್ತೋ ಅವರು ನಿನ್ನ ಬಲಗೈ ಹಿಡಿದು, ನಂದು ನಂಗೆ ಕೊಡು ಅನ್ಬೇಕು. ಇಲ್ದಿದ್ರೆ ಸಾಯೋವರ್ಗೂ ನೀನೇ ಹೊರ್ಬೇಕು."

"ನನ್ನ ಕೋಪ ನೀನು ತೆಗೆಸಿದ್ದಾ ಅಮ್ಮ?" ಚನ್ನಕೇಶವನ ದನಿಯಲ್ಲಿ ಬೇಸರವೂ ಇರಲಿಲ್ಲ, ಬರೀ ಆಶ್ಚರ್ಯ. "ಅದಕ್ಕೇನಾ ಬಾವಿ ಹೋದ್ರೂ ನಂಗೆ ಏನೂ ಅನಿಸ್ಲಿಲ್ಲ? ಕೊಡಿ ಸಾರ್. ನನಗೇ ಕೊಟ್ಬಿಡಿ." ಅವನು ಕೈ ಚಾಚುತ್ತ ಜಗಲಿ ಇಳಿದ.

ಶ್ರೀಕರ್ ಬಲಗೈ ನೀಡಿದ.

ಸೌಜನ್ಯ ಕಾಲೆಳೆಯುತ್ತ ನಡುವೆ ಬಂದಳು. ಗಂಡನನ್ನು ಒಂದು ಕೈಯಲ್ಲಿ ನೂಕಿದಳು. ಅವನು ನಗುತ್ತಲೇ ಕೆಳಗೆ ಬಿದ್ದ.

"ಮಗನ ಕೋಪ ಗಂಟು ಕಟ್ಸಿದ್ರಲ್ಲ ಅತ್ತೆ, ನನ್ನದನ್ನ ಏನ್ ಮಾಡ್ದೆ ಅಂತ ಯಾವತ್ತಾದ್ರೂ ಕೇಳಿದ್ರಾ? ಈಗ ಸಾಧು ಆಗ್ಹೋದ ಅಂತ ಇವನ ಪಾದ ತೊಳ್ಸಿದ್ರಿ ನನ್ ಕೈಲಿ. ಆ ಕೋಪ ನನ್ನ ಮೇಲೆ ಹರಿದಿದ್ದು. ಅದು ನಂದಲ್ದೆ ಇನ್ಯಾರ್ದು?"

"ಸೌಜನ್ಯಾ, ಬೇಡ ಕಣಮ್ಮ!" ಮುದುಕಿ ಚೀರಿದಳು.

ಆಕೆ ಶ್ರೀಕರನ ಕೈ ಹಿಡಿದಳು.

"ನಂದು ನಂಗೆ ಕೊಡು."

ಅವನ ಎದೆಯೊಳಗೆ ಏನೋ ಬೇರು ಸಮೇತ ಕಿತ್ತುಬಂದಿತು. ತೋಳಿನಲ್ಲಿ ಇಳಿಯಿತು. ಅಂಗೈ ಕಾದ ಹೆಂಚಾಯಿತು. ಬಿಡಿಸಿಕೊಳ್ಳಲು ನೋಡಿದ. ಆಗಲಿಲ್ಲ. ಕೂದಲು ಸುಟ್ಟ ವಾಸನೆ ಅಂಗಳವನ್ನೆಲ್ಲ ತುಂಬಿತು. ಹಲ್ಲು ಕಡಿಯುವ ಸದ್ದು ಅವನ ಕಿವಿಯಿಂದ ಹೊರಬಿತ್ತು. ಈಗ ಅದು ಅವಳ ಬಾಯಲ್ಲಿತ್ತು.

ಸೌಜನ್ಯ ಕೈ ಬಿಟ್ಟಳು. ನೆಟ್ಟಗೆ ನಿಂತಳು. ಕುಂಟದೆ ನಡೆದು ಗಂಡನ ತೋಳು ಹಿಡಿದೆತ್ತಿದಳು. ಇನ್ನೊಂದು ಕೈಯಲ್ಲಿ ಅತ್ತೆಯ ಸೆರಗು ಹಿಡಿದಳು. ಇಬ್ಬರನ್ನೂ ಒಳಗೆ ಎಳೆದುಕೊಂಡಳು.

"ನೀವು ಹೊರಡಿ," ಎಂದಳು ಹೊರಗಿದ್ದವರಿಗೆ. "ಇನ್ನಿದು ಮನೆ ವಿಷಯ."

ಚಿಲಕ ಬಿತ್ತು.

ಮೊದಲು ಪಾತ್ರೆಗಳು ಉರುಳಿದವು. ಆಮೇಲೆ ಮುದುಕಿ ಕೂಗಿದಳು. ಆ ಕೂಗು ನಡುವೆಯೇ ತುಂಡಾಯಿತು.

"ಬಾಗಿಲು ಒಡಿಯೋ!" ಶುಭಾ ಕಿರುಚಿದಳು. "ಸಾಯಿಸ್ಬಿಡ್ತಾಳೆ! ಒಡಿ ಶ್ರೀ!"

ಶ್ರೀಕರ್ ಓಡಿದ. ಹಳೆಯ ಬಾಗಿಲು, ಭುಜ ಕೊಟ್ಟು ಒಂದು ಸಲ ಗುದ್ದಿದ್ದರೆ ಸಾಕಿತ್ತು. ಭುಜ ಬಾಗಿಲಿಗೆ ತಾಕಿತು. ಮೆತ್ತಗಾಯಿತು. ಅವನು ತನ್ನೊಳಗೆಲ್ಲ ತಡಕಾಡಿದ. ಸಿಟ್ಟು ಬರಲಿಲ್ಲ. ಚನ್ನಕೇಶವನದು ಹೋಗಿತ್ತು, ಸರಿ. ಹುಟ್ಟಿನಿಂದ ತನ್ನದೇ ಆಗಿದ್ದ ಚೂರೂ ಅಲ್ಲಿರಲಿಲ್ಲ. ಸೌಜನ್ಯ ಒಂದು ಎಳೆಯನ್ನೂ ಉಳಿಸಿರಲಿಲ್ಲ.

ಒಳಗೆ ಚನ್ನಕೇಶವ ಅರಚಿದ.

ಶ್ರೀಕರ್ ಬೆರಳು ಮಡಿಸಿ, ಹೊತ್ತಲ್ಲದ ಹೊತ್ತಿನಲ್ಲಿ ಬಂದ ನೆಂಟನಂತೆ, ಬಾಗಿಲನ್ನು ಮೆಲ್ಲಗೆ ತಟ್ಟಿದ.

"ಸ್ವಲ್ಪ ಬಾಗಿಲು ತೆಗೀತೀರಾ, ಮೇಡಂ?"