ಹಿಂದಿನ ಕೋಣೆಯ ಮಾತು

"ಎಷ್ಟು ಹೊತ್ತು ಸಿಸ್ಟರ್! ಬೆಳಗ್ಗೆಯಿಂದ ಕಾಯ್ತಾ ಇದ್ದೀವಿ. ಒಳಗೆ ಹೋಗಿ, ಬಲಗಾಲು," ಎಂದ ಟೈಲರ್, ತಲೆ ಎತ್ತದೆ. ಬಾಯಲ್ಲಿ ಮೂರು ಗುಂಡುಪಿನ್ನು ಕಚ್ಚಿಕೊಂಡಿದ್ದರಿಂದ ಮಾತು ಹಲ್ಲಿನ ಸಂದಿಯಿಂದ ಜಾರಿ ಬಂತು.

ಅವಳು ನರ್ಸ್ ಅಲ್ಲ. ಮೂಲನಿವಾಸಿಗಳ ಭಾಷೆಗಳನ್ನು ಉಳಿಸಲು ಧನಸಹಾಯ ಕೊಡುವ ಒಂದು ಪ್ರತಿಷ್ಠಾನದ ಅಧಿಕಾರಿ. ಈ ಹೊಲಿಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಟೈಲರ್‌ನ ಅಜ್ಜಿ ಮಕ್ಕಳಿಗೆ ತಮ್ಮ ಭಾಷೆ ಕಲಿಸುತ್ತಾರೆಂದು ಅರ್ಜಿ ಬಂದಿತ್ತು, ನೋಡಲು ಬಂದಿದ್ದಳು. ನಾನು ನರ್ಸ್ ಅಲ್ಲ ಎಂದು ಹೇಳಬಹುದಿತ್ತು. ಹೇಳುವುದಕ್ಕೂ ಒಂದಿಷ್ಟು ಮನಸ್ಸು ಬೇಕಲ್ಲ. ಬ್ಯಾಗು ಕೆಳಗಿಟ್ಟು ಒಳಗೆ ಹೋದಳು.

ಕಿಟಕಿಯ ಪಕ್ಕ ಅಜ್ಜಿ ಬಲಗಾಲನ್ನು ಸ್ಟೂಲಿನ ಮೇಲೆ ಚಾಚಿ ಕೂತಿದ್ದರು. ಹಿಮ್ಮಡಿಯಲ್ಲಿ ಹುಣ್ಣು. ಹತ್ತಿ, ಔಷಧಿ, ಬ್ಯಾಂಡೇಜು ಎಲ್ಲ ತಟ್ಟೆಯಲ್ಲಿ ಜೋಡಿಸಿಟ್ಟಿತ್ತು. ಅವಳು ಕೈ ತೊಳೆದು ಬಂದು ನೆಲದ ಮೇಲೆ ಕೂತಳು. ಅಕ್ಕನಿಗೆ ಎರಡು ವರ್ಷ ಇದನ್ನೆಲ್ಲ ಮಾಡಿದ್ದಳು, ಕೈಗೆ ಅಭ್ಯಾಸವಿತ್ತು. ಹುಣ್ಣು ತೊಳೆದು, ಔಷಧಿ ಹಚ್ಚಿ, ಕಟ್ಟು ಕಟ್ಟಿದಳು. ಉಗುರು ಬೆಳೆದಿದ್ದವು, ಅವನ್ನೂ ಕತ್ತರಿಸಿದಳು. ಅಜ್ಜಿ ಅವಳ ನೆತ್ತಿಯ ಮೇಲೆ ಕೈಯಿಟ್ಟು ಗೊತ್ತಿಲ್ಲದ ಭಾಷೆಯಲ್ಲಿ ಏನೋ ಹೇಳಿದರು.

ಹೊರಗೆ ಬಂದಾಗ ಟೈಲರ್ ಪರ್ಸು ತೆಗೆದ. "ಎಷ್ಟಾಯ್ತು ಸಿಸ್ಟರ್?"

ಅವಳು ಕೊರಳಲ್ಲಿದ್ದ ಗುರುತಿನ ಚೀಟಿಯನ್ನು ತಿರುಗಿಸಿ ತೋರಿಸಿದಳು. ಅವನು ಓದಿದ. ಇನ್ನೊಮ್ಮೆ ಓದಿದ. ಬಾಯಲ್ಲಿದ್ದ ಪಿನ್ನುಗಳು ಒಂದೊಂದಾಗಿ ಮೇಜಿನ ಮೇಲೆ ಬಿದ್ದವು.

"ಅಯ್ಯಯ್ಯೋ! ಮೇಡಂ, ಒಂದು ಮಾತು ಹೇಳಬಾರದಿತ್ತಾ?"

"ನೀವು ಬಿಡಲಿಲ್ಲ."

"ಅಜ್ಜಿ ಕಾಲು ಹಿಡಿಸಿಬಿಟ್ಟೆನಲ್ಲ! ಇನ್ನು ದುಡ್ಡು ಬಂದ ಹಾಗೇ ಇದೆ!"

ಅವನ ಕಿವಿಗಳು ತುದಿಯಿಂದ ಬುಡದವರೆಗೆ ಕೆಂಪಾದದ್ದನ್ನು ಅವಳು ನೋಡಿದಳು. ಬೇರೆ ಯಾರಾದರೂ ಆಗಿದ್ದರೆ ನಕ್ಕುಬಿಡುತ್ತಿದ್ದರು. ಇದು ನಗು ಬರುವಂಥ ವಿಷಯ ಎಂದು ಅವಳಿಗೂ ಗೊತ್ತಿತ್ತು. ನಗು ಬರಲಿಲ್ಲ, ಅಷ್ಟೆ.

ಅಕ್ಕ ತೀರಿಕೊಂಡು ಒಂದೂವರೆ ವರ್ಷವಾಗಿತ್ತು. ಅವತ್ತು ಅವಳು ಅಳಲಿಲ್ಲ, ಆಮೇಲೂ ಅಳಲಿಲ್ಲ. ಹಲ್ಲು ಕೀಳುವ ಮುಂಚೆ ಕೊಡುವ ಇಂಜೆಕ್ಷನ್‌ಗೆ ಕೆನ್ನೆ ಮರಗಟ್ಟುತ್ತದಲ್ಲ, ಹಾಗೆ. ಮುಟ್ಟಿದರೆ ಅಲ್ಲೊಂದು ಕೆನ್ನೆ ಇದೆ ಎಂದು ಬೆರಳಿಗೆ ತಿಳಿಯುತ್ತದೆ, ಕೆನ್ನೆಗೆ ತಿಳಿಯುವುದಿಲ್ಲ. ಊಟ, ನಿದ್ದೆ, ಆಫೀಸು ಎಲ್ಲ ನಡೆಯುತ್ತಿತ್ತು.

ಅರ್ಜಿ ಮಂಜೂರಾಯಿತು, ಒಂದು ವರ್ಷಕ್ಕೆ. ಆ ಭಾಷೆ ಚೆನ್ನಾಗಿ ಬರುವವರು ಆರೇ ಜನ ಉಳಿದಿದ್ದರು, ಎಲ್ಲರೂ ಎಪ್ಪತ್ತು ದಾಟಿದವರು. ಅವರಲ್ಲಿ ಅಜ್ಜಿಯೂ ಸೇರಿ ಮೂವರು ದಿನವೂ ಬೆಳಗ್ಗೆ ಹಿಂದಿನ ಕೋಣೆಗೆ ಬರುತ್ತಿದ್ದರು. ಒಂಬತ್ತು ಪುಟ್ಟ ಮಕ್ಕಳು. ಪಾಠವಿಲ್ಲ, ಪುಸ್ತಕವಿಲ್ಲ. ಹಾಲು ಕುಡಿಸುವುದು, ಮೂಗು ಒರೆಸುವುದು, ಗದರುವುದು, ಎಲ್ಲ ಆ ಭಾಷೆಯಲ್ಲೇ. ನಿಯಮ ಒಂದೇ: ಬೇರೆ ಭಾಷೆ ಹೊಸಿಲಿನಾಚೆ. ಬರದವರು ಬಾಯಿ ಮುಚ್ಚಿಕೊಂಡು ಕೂರಬೇಕು.

ಅವಳು ಬಾಯಿ ಮುಚ್ಚಿಕೊಂಡು ಕೂತಳು. 'ಹೇಗಿದ್ದೀಯಮ್ಮ, ಈಗ ಸ್ವಲ್ಪ ಸಮಾಧಾನವಾ' ಎಂದು ಕೇಳುವವರು ಅಲ್ಲಿ ಯಾರೂ ಇರಲಿಲ್ಲ. ಅದೊಂದು ಕೋಣೆಯಲ್ಲಿ ಅವಳ ಭುಜಗಳು ಇಳಿಯುತ್ತಿದ್ದವು.

"ಮೇಡಂ, ನಿಮ್ಮ ಕಾಗದದಲ್ಲಿ ಮೂರು ತಿಂಗಳಿಗೊಂದು ಭೇಟಿ ಅಂತ ಇದೆ," ಎಂದ ಟೈಲರ್ ಒಂದು ದಿನ. "ಇದು ಈ ತಿಂಗಳಲ್ಲೇ ಮೂರನೇದು."

"ಒಂದು ದಾಖಲೆ ಬಿಟ್ಟುಹೋಗಿತ್ತು."

"ಹೋದ ಸಲನೂ ಬಿಟ್ಟುಹೋಗಿತ್ತು."

"ನೀವು ಸರಿಯಾಗಿ ಕೊಡಲಿಲ್ಲ."

"ಈ ಸಲನೂ ಸರಿಯಾಗಿ ಕೊಡಲ್ಲ ಬಿಡಿ," ಎಂದು ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದ. ಗೆರೆ ಸೊಟ್ಟಗಾಯಿತು. ಇಪ್ಪತ್ತು ವರ್ಷದ ಅನುಭವದ ಕೈ! ಅವನು ಆ ಗೆರೆಯನ್ನು ಅಂಗೈಯಿಂದ ಮುಚ್ಚಿಕೊಂಡದ್ದನ್ನು ಅವಳು ಗಮನಿಸಿದಳು.

ಇನ್ನೊಮ್ಮೆ ಅವಳ ಕೋಟಿನ ತೋಳು ಹಿಡಿದು ಗುಂಡಿ ಹೊಲಿಯುತ್ತ ಹೇಳಿದ, "ಇದು ನಿಮ್ಮ ಅಳತೆಯದ್ದಲ್ಲ."

"ನಮ್ಮಕ್ಕಂದು."

"ಭುಜದ ಹತ್ರ ಹಿಡಿದು ಚಿಕ್ಕದು ಮಾಡಿಕೊಡ್ಲಾ?"

"ಬೇಡ."

ಅವನು ಸರಿ ಎಂದ. ಅಕ್ಕ ಎಲ್ಲಿದ್ದಾರೆ, ಏನು ಮಾಡುತ್ತಾರೆ ಎಂದು ಕೇಳಲಿಲ್ಲ. ನೂಲನ್ನು ಹಲ್ಲಿನಿಂದ ಕಡಿಯುವಾಗ ಮಾತ್ರ ಒಂದು ಕ್ಷಣ ಕಣ್ಣೆತ್ತಿ ನೋಡಿದ. ಆ ನೋಟ ಅವಳ ಮುಖದ ತನಕ ಬಂದು, ಕದ ತಟ್ಟದೆ ನಿಂತು, ಹಾಗೇ ಹಿಂದಿರುಗಿತು.

ಅವನ ಗುಟ್ಟು ಅವಳಿಗೆ ಗೊತ್ತಾದದ್ದು ಚಳಿಗಾಲ ಬಂದ ಮೇಲೆ. ಹೊಸಿಲು ದಾಟಿದರೆ ಅವನೂ ಬಾಯಿ ಬಿಡುತ್ತಿರಲಿಲ್ಲ.

"ಎಲ್ಲ ಅರ್ಥ ಆಗುತ್ತೆ ಮೇಡಂ. ಬಾಯಿಗೆ ಬರಲ್ಲ," ಎಂದ. "ಚಿಕ್ಕವನಿದ್ದಾಗ ಅಜ್ಜಿ ಈ ಭಾಷೇಲಿ ಕೇಳೋರು, ನಾನು ಊರ ಭಾಷೇಲಿ ಹೇಳ್ತಿದ್ದೆ. ಸ್ಕೂಲಲ್ಲಿ ಹುಡುಗರು ಆಡ್ಕೋತಾರೆ ಅಂತ ಅಮ್ಮಾನೇ ಈ ಮಾತು ಬಿಡಿಸಿಬಿಟ್ರು. ಈಗ ಬಾಯಿ ತೆಗೆದ್ರೆ ನಾಲ್ಕು ವರ್ಷದ ಮಕ್ಕಳು ಬಿದ್ದು ಬಿದ್ದು ನಗ್ತವೆ. ಅಜ್ಜಿ ನನ್ನ ಏನಂತ ಕರೀತಾರೆ ಗೊತ್ತಾ? ಬರೀ ಕಿವಿ ಅಂತ."

"ಒಳ್ಳೆ ಹೆಸರು," ಎಂದಳು. ಅವಳ ತುಟಿಯ ಒಂದು ಕೊನೆ ಅಲುಗಿತು. ಅವನು ಅದನ್ನು ನೋಡಿ, ಬಹುಮಾನ ಬಂದವನ ಹಾಗೆ ಇಡೀ ಮಧ್ಯಾಹ್ನ ಹೊಲಿಗೆ ಯಂತ್ರ ತುಳಿಯುತ್ತ ಗುನುಗಿದ.

ವರ್ಷದ ಕೊನೆಯಲ್ಲಿ ಮುಂದುವರಿಸಬೇಕೋ ಬೇಡವೋ ಎಂಬ ಪ್ರಶ್ನೆ ಬಂತು. ಆಫೀಸಿನಲ್ಲಿ ಡೈರೆಕ್ಟರ್ ಫೈಲು ತಿರುವಿಹಾಕಿದರು.

"ನಿಘಂಟಿಲ್ಲ, ಆ್ಯಪ್ ಇಲ್ಲ, ರೆಕಾರ್ಡಿಂಗ್ ಇಲ್ಲ. ಮೂರು ಜನ ವಯಸ್ಸಾದವರು ಹರಟೆ ಹೊಡೆಯೋದಕ್ಕೆ ನಾವು ಸಂಬಳ ಕೊಡ್ತಾ ಇದ್ದೀವಾ?"

"ಹೌದು ಸರ್," ಎಂದಳು. "ಮಕ್ಕಳು ಮಾತು ಕಲಿಯೋದು ಹರಟೆಯಿಂದಾನೇ. ನಿಘಂಟು ಮಾಡಿದ್ರೆ ನಮ್ಮ ಕಪಾಟಲ್ಲಿ ಇರುತ್ತೆ. ಒಂಬತ್ತು ಮಕ್ಕಳು ಇವತ್ತು ಆ ಭಾಷೇಲಿ ಜಗಳ ಆಡ್ತಾರೆ."

"ಅದನ್ನ ಬೋರ್ಡಿಗೆ ಹೇಗೆ ತೋರಿಸ್ತೀರಿ? ಶುಕ್ರವಾರದೊಳಗೆ ವರದಿ ಕೊಡಿ. ನೀವು ಬರೆದ ಹಾಗೇ ಆಗುತ್ತೆ."

ವರದಿಗೆಂದು ಬುಧವಾರ ಅಲ್ಲಿಗೆ ಹೋದಾಗ ಅಂಗಡಿಯಲ್ಲಿ ಯಾರೂ ಇರಲಿಲ್ಲ. ಬೆಳಗ್ಗೆ ಅಜ್ಜಿ ಮಕ್ಕಳ ನಡುವೆಯೇ ಕುಸಿದರಂತೆ. ಪಕ್ಕದ ಅಂಗಡಿಯವನು ಆಸ್ಪತ್ರೆಯ ದಾರಿ ಹೇಳಿದ.

ಲಘು ಪಾರ್ಶ್ವವಾಯು. ಅಜ್ಜಿಗೆ ಎಚ್ಚರವಿತ್ತು. ಆದರೆ ಊರಿಗೆಲ್ಲ ಅರ್ಥವಾಗುವ ಭಾಷೆ, ಅರವತ್ತು ವರ್ಷ ಅಂಗಡಿ ಬೀದಿಯಲ್ಲಿ ಆಡಿದ ಭಾಷೆ, ಪೂರ್ತಿ ಅಳಿಸಿಹೋಗಿತ್ತು. ಹುಟ್ಟಿನಿಂದ ಬಂದದ್ದೊಂದೇ ಉಳಿದಿತ್ತು.

"ಪೇಷಂಟ್ ಗೊಂದಲದಲ್ಲಿದ್ದಾರೆ, ಏನೇನೋ ಬಡಬಡಿಸ್ತಿದ್ದಾರೆ. ನಿದ್ದೆಗೆ ಇಂಜೆಕ್ಷನ್ ಕೊಡ್ತೀವಿ," ಎಂದರು ಡಾಕ್ಟರ್.

"ಬಡಬಡಿಕೆ ಅಲ್ಲ ಡಾಕ್ಟ್ರೇ, ಅದು ಭಾಷೆ," ಎಂದಳು ಅವಳು. "ಇವರಿಗೆ ಅರ್ಥ ಆಗುತ್ತೆ."

ಟೈಲರ್ ಗೋಡೆಗೆ ಒರಗಿ ನಿಂತಿದ್ದ. ಕೊರಳಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು. "ಎಡಗಣ್ಣು ಕಾಣಿಸ್ತಿಲ್ಲ ಅಂತಿದ್ದಾರೆ," ಎಂದ ಮೆಲ್ಲಗೆ.

ಡಾಕ್ಟರ್ ಪೆನ್ನು ತೆಗೆದರು. "ಯಾವಾಗಿಂದ? ತಲೆನೋವಿದೆಯಾ? ಕೇಳಿ."

ಅವನ ಬಾಯಿ ತೆರೆಯಿತು, ಮುಚ್ಚಿತು.

"ಮಾತಾಡಿ," ಎಂದಳು ಅವಳು.

"ತಪ್ಪಾಗುತ್ತೆ."

"ತಪ್ಪೇ ಮಾತಾಡಿ."

ಅವನು ಕೈ ಚಾಚಿ ಸಿಕ್ಕಿದ್ದನ್ನು ಹಿಡಿದುಕೊಂಡ. ಸಿಕ್ಕಿದ್ದು ಅವಳ ಕೈ. ಒಂದೊಂದೇ ಪದ ಹೊರಗೆ ಬಂತು. ಅಜ್ಜಿ ಕಣ್ಣು ಕಿರಿದು ಮಾಡಿ ಕೇಳಿದರು. ಆಮೇಲೆ ತಲೆನೋವಿನ ಪ್ರಶ್ನೆಗೆ ಉತ್ತರ ಕೊಡುವ ಮುಂಚೆ ಮೊಮ್ಮಗನಿಗೆ ಚೆನ್ನಾಗಿ ಬೈದರು.

"ಏನಂತೆ?" ಎಂದರು ಡಾಕ್ಟರ್.

"ದೊಡ್ಡವರನ್ನ ಹೀಗಾ ಕೇಳೋದು ಅಂತಿದ್ದಾರೆ," ಎಂದ ಅವನು. ಕಣ್ಣೀರು ಗಲ್ಲದ ತನಕ ಇಳಿಯುತ್ತಿತ್ತು. "ಮಕ್ಕಳಿಗೆ ಹೇಳೋದನ್ನ ಕೇಳಿಸ್ಕೊಂಡೇ ಅಲ್ವಾ ನಾನು ಕಲ್ತಿದ್ದು. 'ಎಲ್ಲಿ ಅಬ್ಬು ಆಯ್ತು ಪುಟ್ಟಾ' ಅಂತ ಕೇಳಿದ ಹಾಗಾಯ್ತಂತೆ."

ಡಾಕ್ಟರ್ ನಕ್ಕರು. "ಹಾಗಾದ್ರೆ ತಲೆ ಸರಿಯಾಗೇ ಇದೆ. ಇಂಜೆಕ್ಷನ್ ಬೇಡ. ಕೇಳ್ತಾ ಹೋಗಿ."

ಅವನು ಕೇಳುತ್ತ ಹೋದ. ಅಜ್ಜಿ ತಿದ್ದುತ್ತ ಹೋದರು. ಅವಳು ಪಕ್ಕದಲ್ಲೇ ನಿಂತಿದ್ದಳು. ಅವನ ಬೆರಳುಗಳು ಎಷ್ಟು ಬಿಗಿಯಾಗಿದ್ದವೆಂದರೆ ಉಂಗುರ ಅವಳ ಚರ್ಮಕ್ಕೆ ಒತ್ತುತ್ತಿತ್ತು. ನೋಯುತ್ತಿದೆ ಎಂದು ಅವಳಿಗೆ ಸ್ವಲ್ಪ ತಡವಾಗಿ ಗೊತ್ತಾಯಿತು. ಕೈ ಬಿಡಿಸಿಕೊಳ್ಳಲಿಲ್ಲ.

ಶುಕ್ರವಾರ ಅವಳು ಡೈರೆಕ್ಟರ್ ಮುಂದೆ ಫೈಲು ಇಟ್ಟಳು. ವರದಿ ಇಡಲಿಲ್ಲ.

"ಸರ್, ಈ ಫೈಲನ್ನ ಬೇರೆಯವರಿಗೆ ಕೊಡಿ. ನಾನು ಬರೆಯೋದು ಸರಿಯಲ್ಲ."

"ಯಾಕಮ್ಮ? ಅರ್ಜಿದಾರರ ಜೊತೆ ಏನಾದ್ರೂ ಸಂಬಂಧ?"

"ಇನ್ನೂ ಇಲ್ಲ."

"ಮತ್ತೆ?"

"ಆಗಬೇಕು ಅನ್ನಿಸ್ತಿದೆ ಸರ್. ನನಗೆ ಏನಾದ್ರೂ ಅನ್ನಿಸಿ ತುಂಬಾ ದಿನ ಆಗಿತ್ತು."

ಡೈರೆಕ್ಟರ್ ಕನ್ನಡಕ ತೆಗೆದು ಒರೆಸಿದರು. ಫೈಲನ್ನು ತಮ್ಮ ಕಡೆಗೆ ಎಳೆದುಕೊಂಡರು.

ಸಂಜೆ ಅವಳು ಅಂಗಡಿಗೆ ಹೋಗಿ, ಕತ್ತರಿಸುವ ಮೇಜಿನ ಈಚೆ ನಿಂತು ವಿಷಯ ಹೇಳಿದಳು. ಅವನ ಮುಖ ಬಿಳಿಚಿತು.

"ಕೈಬಿಟ್ರಾ ನಮ್ಮನ್ನ? ನಾನು ಅವತ್ತು ಆಸ್ಪತ್ರೇಲಿ ಕೈ ಹಿಡ್ಕೊಂಡೆ ಅಂತಾನಾ? ಮೇಡಂ, ಅದು ಗಾಬರೀಲಿ—"

"ಗಾಬರೀಲಿ ಮಾತ್ರಾನಾ?"

ಅವನು ಕೊರಳಿನ ಟೇಪು ತೆಗೆದು ಸುತ್ತತೊಡಗಿದ.

"ನಿಮ್ಮ ಫೈಲು ನೋಡೋಳು ನಿಮ್ಮನ್ನ ಈ ಥರ ನೋಡಬಾರದು," ಎಂದಳು. "ಎರಡರಲ್ಲಿ ಒಂದು ಬಿಡಬೇಕಿತ್ತು. ಫೈಲು ಬಿಟ್ಟೆ."

ಅವನ ಕಿವಿಗಳು ಕೆಂಪಾಗುವುದನ್ನು ಈ ಸಲ ಅವಳು ಪೂರ್ತಿ ನೋಡಿದಳು, ಅವಸರವಿಲ್ಲದೆ.

"ಇನ್ನೊಂದು ಮಾತು. ನನಗೆ ಹೆಚ್ಚೇನೂ ಅನ್ನಿಸಲ್ಲ. ಅಕ್ಕ ಹೋದಾಗಿಂದ ಹೀಗೇ. ಆಸ್ಪತ್ರೇಲಿ ಒಂದಿಷ್ಟು ಅನ್ನಿಸಿತು. ನಾಳೆ ಅದೂ ಇರುತ್ತೋ ಇಲ್ವೋ. ಮೊದಲೇ ಹೇಳಿಬಿಡ್ತೀನಿ, ಆಮೇಲೆ ಮೋಸ ಅನ್ನಬಾರದು."

ಅವನು ಸುತ್ತಿದ ಟೇಪನ್ನು ಮೇಜಿನ ಮೇಲಿಟ್ಟ. "ಅನ್ನಿಸಿದ ದಿನ ಅನ್ನಿಸಿತು ಅನ್ನಿ, ಅನ್ನಿಸದ ದಿನ ಇಲ್ಲ ಅನ್ನಿ. ನಾನು ದಿನಾ ಸಂಜೆ ಕೇಳ್ತೀನಿ. ನನಗೂ ಬೇರೆ ಕೆಲಸ ಏನಿದೆ?"

"ರಾಶಿ ಪ್ಯಾಂಟು ಬಿದ್ದಿವೆ."

"ಅವು ಬಿದ್ದಿರಲಿ."

ಹೊಸ ಅಧಿಕಾರಿ ಬಂದರು. ಕಟ್ಟುನಿಟ್ಟಿನ ಮನುಷ್ಯ. ಮೂರು ದಿನ ಕೋಣೆಯಲ್ಲಿ ಕೂತು, ಮಗುವೊಂದರಿಂದ ಬೈಸಿಕೊಂಡು, ಅದರ ಅರ್ಥವನ್ನು ಬರೆದುಕೊಂಡು ಹೋದರು. ಬೋರ್ಡಿನಿಂದ ಮೂರು ವರ್ಷಕ್ಕೆ ಮಂಜೂರಾತಿ ಬಂತು. ಕೇಳಿದ್ದರಲ್ಲಿ ಮೂರನೇ ಒಂದು ಭಾಗ ಕಡಿತ, ಹಿರಿಯರ ಗೌರವಧನ ಮಾತ್ರ ಪೂರ್ತಿ. ಅಜ್ಜಿ ಕೋಲು ಹಿಡಿದು ಮತ್ತೆ ಕಿಟಕಿಯ ಪಕ್ಕ ಕೂತರು. ಇನ್ನೊಂದು ಭಾಷೆ ವಾಪಸ್ ಬರಲೇ ಇಲ್ಲ. ಅನ್ನಕ್ಕೂ ನೀರಿಗೂ ಮೊಮ್ಮಗ ಬಾಯಿ ಬಿಡಲೇಬೇಕಾಯಿತು.

ಅವಳು ಆಫೀಸು ಬಿಟ್ಟ ಮೇಲೆ ಸಂಜೆ ಬರುತ್ತಿದ್ದಳು. ಅವನು ಯಂತ್ರ ನಿಲ್ಲಿಸಿ ಕೇಳುತ್ತಿದ್ದ: "ಇವತ್ತು?"

"ಏನೂ ಇಲ್ಲ," ಎನ್ನುತ್ತಿದ್ದಳು. ಕೆಲವು ದಿನ, "ಸ್ವಲ್ಪ." ಅವನು ತಲೆಯಾಡಿಸಿ ಮತ್ತೆ ಹೊಲಿಯುತ್ತಿದ್ದ. 'ಸ್ವಲ್ಪ' ಅಂದ ದಿನ ಹೊಲಿಗೆ ಚೂರು ಜೋರಾಗಿ ಓಡುತ್ತಿತ್ತು.

ಹೀಗೆ ಎಂಟು ತಿಂಗಳು. ಒಂದು ಸಂಜೆ, ಬೀದಿಯಲ್ಲಿ ಇನ್ನೂ ಬಿಸಿಲಿರುವಾಗಲೇ, ಅವಳು ಬಂದು ಸ್ಟೂಲಿನ ಮೇಲೆ ಕೂತಳು. ಯಾರದೋ ಮದುವೆಯ ಬಟ್ಟೆಯ ಗಡಿಬಿಡಿಯಲ್ಲಿ ಅವನು ಕೇಳುವುದನ್ನೇ ಮರೆತ.

"ಇವತ್ತು ಕೇಳಲೇ ಇಲ್ಲ ನೀವು."

ಅವನು ತಲೆ ಎತ್ತಿದ. ಅವಳ ಮುಖ ಎಂದಿನಂತೆ ಇರಲಿಲ್ಲ.

"ಇವತ್ತು?" ಎಂದ.

"ಅಕ್ಕ ಸತ್ತುಹೋದಳು," ಎಂದಳು ಅವಳು, ಸುದ್ದಿ ಈಗಷ್ಟೇ ಬಂದವಳ ಹಾಗೆ. "ನಮ್ಮಕ್ಕ ಸತ್ತುಹೋದಳು ರೀ."

ಅವನು ಕತ್ತರಿ ಕೆಳಗಿಟ್ಟ. ಎದ್ದು ಹೋಗಿ ಅಂಗಡಿಯ ಶಟರ್ ಎಳೆದು, ಅವಳ ಪಕ್ಕ ನೆಲದ ಮೇಲೆ ಕೂತ. ಅವಳು ಬಾಗಿ ಅವನ ಭುಜಕ್ಕೆ ಹಣೆ ಒತ್ತಿದಳು. ಹೊರಗೆ ಯಾರೋ ಬಂದು ಶಟರ್ ಬಡಿದರು, ಬಟ್ಟೆ ಆಯ್ತಾ ಎಂದು ಕೂಗಿದರು.

"ನಾಳೆ ಬನ್ನಿ," ಎಂದ ಅವನು, ಕದಲದೆ.