ಹಾವಸೆಗೊಂದು ಸಾಲು

"ಪಾಚಿ! ನನ್ನ ಮೊಮ್ಮಗನಿಗೆ ಪಾಚಿ ಅಂತ ಹೆಸರಾ!"

ಉಳಿಯಜ್ಜ ಜನನ ನೋಂದಣಿಯ ಅರ್ಜಿಯನ್ನು ಮೇಜಿನ ಮೇಲೆ ಬಡಿದ ರಭಸಕ್ಕೆ ನೀರಿನ ಲೋಟ ಉರುಳಿತು. ತೊಟ್ಟಿಲಲ್ಲಿದ್ದ ಇಪ್ಪತ್ತೊಂದು ದಿನದ ಕೂಸು ಬೆಚ್ಚಿ ಅಳತೊಡಗಿತು. ಸೊಸೆ ಮಗುವನ್ನು ಎತ್ತಿ ಎದೆಗೊತ್ತಿಕೊಂಡಳು. ಆದರೆ ತಲೆ ಮಾತ್ರ ತಗ್ಗಿಸಲಿಲ್ಲ.

"ಪಾಚಿ ಅಲ್ಲ ಮಾವ, ಹಾವಸೆ."

"ಎರಡೂ ಒಂದೇ ತಾನೆ! ಏನಂತ ಕರೀಬೇಕು ನಾನು? ಬಾರೋ ಹಾವಸೆ, ಹೋಗೋ ಹಾವಸೆ ಅಂತಾನಾ?"

ಮುದುಕನ ಕೋಪಕ್ಕೂ ಅರ್ಥವಿತ್ತು ಅನ್ನಿ. ಸಮಾಧಿಗಲ್ಲುಗಳ ಮೇಲೆ ಹೆಸರು ಕೆತ್ತುವುದು ಆತನ ಕಸುಬು. ಊರವರೆಲ್ಲ ಉಳಿಯಜ್ಜ ಎಂದು ಕರೆಯುತ್ತಿದ್ದುದೂ ಅದಕ್ಕೇ. ಕೆತ್ತಿದ ಅಕ್ಷರಗಳನ್ನು ನುಂಗಲು ಬರುವ ಹಾವಸೆಯನ್ನು ಬ್ರಷ್ಷು ಹಿಡಿದು ಕೆರೆಯುವುದರಲ್ಲೇ ಆತನ ಅರ್ಧ ಬದುಕು ಕಳೆದಿತ್ತು. ಅದೇ ಹಾಳಾದ್ದು ಈಗ ಮೊಮ್ಮಗನ ಹೆಸರಿನೊಳಗೇ ಬಂದು ಕೂತರೆ ಹೇಗೆ? ಅದೂ ಅಲ್ಲದೆ, ಆ ಮನೆಯಲ್ಲಿ ಮಗುವಿನ ಮೊದಲ ಹೆಸರು ಹೆತ್ತವರ ಇಷ್ಟ, ಕೊನೆಯದು ಮನೆತನದ್ದು, ನಡುವಿನದು ಅಜ್ಜನದು; ಸೊಸೆ ಆ ನಡುವಿನ ಜಾಗಕ್ಕೇ ಹಾವಸೆ ಎಂದು ಬರೆದಿದ್ದಳು. ಅಂಗಡಿಯ ಬಾಗಿಲ ಪಕ್ಕದ ಕಪ್ಪು ಕಲ್ಲಿನಲ್ಲಿ ಮನೆಯಲ್ಲಿ ಹುಟ್ಟಿದವರ ಹೆಸರುಗಳು ಸಾಲು ಸಾಲಾಗಿದ್ದವು. ಹೊಸ ಸಾಲಿಗೆ ಅಜ್ಜ ಆಗಲೇ ಸೀಮೆಸುಣ್ಣದಿಂದ ಗೆರೆ ಎಳೆದಿದ್ದ. ತನ್ನ ಹೆಸರು ಬರಬೇಕಾದ ಜಾಗವನ್ನು ದಿನಕ್ಕೆ ಹತ್ತು ಸಲ ಸವರಿ ನೋಡುತ್ತಿದ್ದ, ಪಾಪ.

ಚೆಲ್ಲಿದ ನೀರು ಒರೆಸುತ್ತ ಅತ್ತೆ ಗೊಣಗಿದಳು. "ಹೂವು, ನದಿ, ನಕ್ಷತ್ರ ಒಂದೂ ಸಿಗಲಿಲ್ವೇನೇ ನಿಂಗೆ? ಶಾಲೆಗೆ ಹೋದ್ರೆ ಮಕ್ಕಳು, ಇವನ ಹತ್ರ ಹೋಗ್ಬೇಡ್ರೋ ಜಾರಿ ಬೀಳ್ತೀರಿ ಅಂತ ಆಡಿಕೊಳ್ಳಲ್ವಾ?"

ಸೊಸೆಯ ಗಂಡ ಗೋಡೆ ನೋಡುತ್ತ ಕುಳಿತಿದ್ದ. ಕಲ್ಲಿಗೆ ಹೊಳಪು ಕೊಡುವುದು ಅವನ ಕೆಲಸ. ಅಪ್ಪನೆದುರು ಬಾಯಿ ಬಿಡುವ ಕೆಲಸ ಅವನಿಗೆ ಎಂದೂ ಒಗ್ಗಿರಲಿಲ್ಲ.

"ಇವತ್ತೇ ಕಡೇ ದಿನ," ಉಳಿಯಜ್ಜ ಬೆರಳೆತ್ತಿದ. "ಸಂಜೆ ಕಚೇರಿ ಮುಚ್ಚೋದ್ರೊಳಗೆ ನನ್ನ ಹೆಸರು ಬರೆದು ಕೊಟ್ಟು ಬನ್ನಿ. ಇಲ್ಲಾಂದ್ರೆ ಆ ಕಲ್ಲಲ್ಲಿ ಈ ಮಗುವಿಗೆ ಜಾಗ ಇಲ್ಲ!"

ಅಷ್ಟೇ! ಮೂರು ವರ್ಷದಿಂದ ಸೊಸೆ ಒಳಗೇ ಅದುಮಿಟ್ಟುಕೊಂಡಿದ್ದದ್ದು ಒಡೆದು ಹೊರಬಂತು.

"ಜಾಗ ಇಲ್ಲ ಅನ್ನೋದು ನಿಮಗೇನು ಹೊಸದಾ ಮಾವ? ನನ್ನ ದೊಡ್ಡವನಿಗೆ ಎಲ್ಲಿ ಕೊಟ್ರಿ ಜಾಗ? ಉಸಿರಿಲ್ಲದೆ ಹುಟ್ಟಿದ... ಹೆಸರಿಡಲಿಲ್ಲ, ನಿಜ. ಆದ್ರೆ ಊರಲ್ಲಿ ಸತ್ತವರಿಗೆಲ್ಲ ಅಕ್ಷರ ಕೆತ್ತಿದ ಕೈ, ನನ್ನ ಮಗುವಿನ ಕಲ್ಲಿಗೆ ಒಂದು ಚುಕ್ಕೆ ಕೂಡ ಇಡಲಿಲ್ಲ! ಬೋಳುಗಲ್ಲು ನೆಟ್ಟು ಬಂದ್ರಿ. ಆಮೇಲೆ ಈ ಮನೇಲಿ ಅವನ ಮಾತೇ ಇಲ್ಲ... ನಾನು ವಾರ ವಾರ ಹೋಗ್ತೀನಿ ಮಾವ. ಹಾವಸೆ ಬಂದು ಅವನಿಗೆ ಹೊದಿಕೆ ಹೊದಿಸಿದೆ. ಅವನನ್ನ ತಬ್ಬಿಕೊಂಡಿರೋದು ಅದೊಂದೇ! ತಮ್ಮನ ಹೆಸರಿನ ನಡುವೆ ಅಣ್ಣ ಇರ್ಲಿ ಅಂದ್ರೆ ತಪ್ಪಾ? ಹೇಳಿ, ತಪ್ಪಾ?"

ಉಳಿಯಜ್ಜನ ಮುಖ ಬಿಳಿಚಿಕೊಂಡಿತು. ಮೂಲೆಯಲ್ಲಿದ್ದ ಕೆಲಸದ ಚೀಲ ಹೆಗಲಿಗೇರಿಸಿ ಬಿರಬಿರನೆ ಹೊರಟುಹೋದ. ಚೀಲದ ಬಾಯಿಂದ ಕಬ್ಬಿಣದ ಬ್ರಷ್ಷು ಇಣುಕುತ್ತಿತ್ತು.

ಸೊಸೆ ಬ್ರಷ್ಷು ನೋಡಿ ಚೀರಿದಳು. "ಅಯ್ಯೋ ಅತ್ತೆ... ಕೆರೆದು ಹಾಕ್ತಾರೆ! ಎಲ್ಲಾನೂ ಕೆರೆದು ಹಾಕ್ತಾರೆ!"

ಮಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಆ ಉರಿಬಿಸಿಲಲ್ಲೇ ಓಡಿದಳು. ಒರೆಸುವ ಬಟ್ಟೆ ಕೈಯಲ್ಲಿ ಹಿಡಿದುಕೊಂಡೇ ಅತ್ತೆಯೂ ಏದುಸಿರು ಬಿಡುತ್ತ ಹಿಂದೆ ಓಡಿದಳು.

ಸ್ಮಶಾನದ ಹುಲ್ಲೆಲ್ಲ ಒಣಗಿ ಹಳದಿಯಾಗಿತ್ತು. ಮೂಲೆಯ ಪುಟ್ಟ ಕಲ್ಲಿನ ಮುಂದೆ ಉಳಿಯಜ್ಜ ಮಂಡಿಯೂರಿ ಕುಳಿತಿದ್ದ. ಬ್ರಷ್ಷು ಚೀಲದಲ್ಲೇ ಇತ್ತು. ಆತನ ಕೈಯಲ್ಲಿದ್ದುದು ತಳಕ್ಕೆ ಮೊಳೆಯಿಂದ ತೂತು ಹೊಡೆದ ಹಳೆಯ ತಗಡಿನ ಡಬ್ಬಿ. ಅದರಿಂದ ನೀರು ಹನಿಹನಿಯಾಗಿ ಹಾವಸೆಯ ಮೇಲೆ ಬೀಳುತ್ತಿತ್ತು.

ಸೊಸೆ ನಿಂತಲ್ಲೇ ನಿಂತಳು.

"ಉಳಿದ ಕಲ್ಲುಗಳನ್ನ ನೋಡು," ಆತ ತಿರುಗದೆಯೇ ಹೇಳಿದ. "ಬಿಸಿಲಿಗೆ ಎಲ್ಲಾ ಒಣಗಿ ಉದುರಿದೆ. ಇದೊಂದೇ ಮೂರು ಬೇಸಿಗೆ ಹಸಿರಾಗಿ ಹೇಗಿದೆ ಅಂತ ನಿಂಗೆ ಯಾವತ್ತೂ ಅನ್ನಿಸಲಿಲ್ವಾ ತಾಯಿ?"

"ನೀವಾ... ಮಾವ?"

"ನೀನು ಬರೋ ದಿನ ಬಿಟ್ಟು ಬರ್ತಿದ್ದೆ. ಮೊದಲು ಕೆತ್ತೋಕೇ ಅಂತ ಬಂದೆ, ಮೂರು ಸಲ. ಹೆಸರಿಲ್ಲ, ಏನು ಕೆತ್ತಲಿ? ಹುಟ್ಟಿದ ದಿನಾನೂ ಅದೇ, ಹೋದ ದಿನಾನೂ ಅದೇ... ಉಳಿ ಚೀಲಕ್ಕೆ ಹಾಕಿ ವಾಪಸ್ ಹೋಗ್ತಿದ್ದೆ. ಆಮೇಲೆ ಪಾಚಿ ಬಂತು, ಮುಚ್ಚಿತು. ಜೀವಮಾನದಲ್ಲಿ ಮೊದಲ ಸಲ ಅದಕ್ಕೆ ನೀರು ಹಾಕಿದೆ. ಮನೇಲಿ ಅವನ ಮಾತೆತ್ತಿದ್ರೆ ನೀನು ಕುಸಿದು ಹೋಗ್ತೀಯ ಅಂದ್ಕೊಂಡೆ."

"ಯಾರೂ ಎತ್ತದೇ ಇದ್ದದ್ದಕ್ಕೇ ಕುಸಿದೆ ಮಾವ..."

ಅತ್ತೆ ಕೈಯಲ್ಲಿದ್ದ ಬಟ್ಟೆಯಿಂದಲೇ ಕಣ್ಣೊರೆಸಿಕೊಂಡಳು. "ಇಬ್ಬರೂ ಕದ್ದುಮುಚ್ಚಿ ಬರ್ತಿದ್ರಂತೆ! ನಾನೊಬ್ಬಳೇ ಎಲ್ಲಾ ನುಂಗಿಕೊಂಡು ಮನೇಲಿ ಕೂತಿದ್ದೆ..."

ಸೊಸೆ ಮಾವನ ಪಕ್ಕ ಕುಳಿತಳು. "ನಿಮ್ಮ ಹೆಸರೇ ಬರೀತೀನಿ ಮಾವ. ಹಟ ಬಿಟ್ಟೆ."

ಉಳಿಯಜ್ಜ ಡಬ್ಬಿ ಕೆಳಗಿಟ್ಟ. ಹಸಿರಿನ ಮೇಲೆ ಮೆಲ್ಲನೆ ಅಂಗೈ ಇಟ್ಟ.

"ಬೇಡಮ್ಮ. ನನ್ನ ಹೆಸರಿಗೆ ಹೇಗೂ ಒಂದು ಕಲ್ಲು ಕಾದು ಕೂತಿದೆ. ಇವನಿಗೆ ತಮ್ಮನ ಹೆಸರಿನ ನಡುವೆ ಅದೊಂದೇ ಜಾಗ."

ಕಚೇರಿ ಮುಚ್ಚುವ ಮೊದಲೇ ಅರ್ಜಿ ಸೇರಿತು. ನಡುವಿನ ಹೆಸರನ್ನು ಉಳಿಯಜ್ಜನೇ ತನ್ನ ದುಂಡು ಅಕ್ಷರದಲ್ಲಿ ಬರೆದ. ಗುಮಾಸ್ತ ಎರಡೆರಡು ಸಲ ಓದಿ, "ಇದು ಸರಿನಾ?" ಎಂದಾಗ, "ಸರಿಯಾಗೇ ಇದೆ, ಮುದ್ರೆ ಒತ್ತಪ್ಪ," ಎಂದ.

ಕಪ್ಪು ಕಲ್ಲಿನ ಕೆಲಸ ಮೂರು ದಿನ ಹಿಡಿಯಿತು. ಎಳೆದಿದ್ದ ಗೆರೆಯನ್ನು ಅಳಿಸಿ ಉಳಿಯಜ್ಜ ಎರಡು ಸಾಲು ಕೆತ್ತಿದ. ಮೇಲಿನದರಲ್ಲಿ ಒಂದೇ ಪದ, ದೊಡ್ಡವನದು. ಕೆಳಗಿನದರಲ್ಲಿ ಚಿಕ್ಕವನ ಪೂರ್ತಿ ಹೆಸರು, ನಡುವೆ ಅದೇ ಪದ. ಮಗ ಕಲ್ಲಿನ ಪುಡಿ ಒರೆಸಲು ಬಂದಾಗ ಮುದುಕ ತಡೆದ.

"ಕೇಳಿಲ್ಲಿ. ಮಳೆ ಬಂದಾಗ ಈ ಎರಡು ಸಾಲಿಗೆ ಹಾವಸೆ ಹಿಡಿದ್ರೆ ಯಾರೂ ಬ್ರಷ್ಷು ಮುಟ್ಟಕೂಡದು."

"ಆಯ್ತಪ್ಪ," ಎಂದ ಮಗ. ಅವನ ಕಣ್ಣಿನಿಂದ ನೀರು ಇಳಿಯುತ್ತಿತ್ತು.

ಸೊಸೆ ಮಗುವನ್ನು ಕಲ್ಲಿನ ಹತ್ತಿರ ತಂದು, ಮೇಲಿನ ಸಾಲಿಗೆ ಬೆರಳಿಟ್ಟು ಗಟ್ಟಿಯಾಗಿ ಓದಿದಳು. "ಹಾವಸೆ."

ಹೊಸ್ತಿಲಲ್ಲಿ ನಿಂತಿದ್ದ ಅತ್ತೆ, "ಇನ್ನೊಂದು ಸಲ ಓದೇ," ಎಂದಳು.

ಸೊಸೆ ಮತ್ತೆ ಓದಿದಳು.